ಬಿಚ್ಚಿ ತೋರಿಸಿದ ಹೊಲಿಗೆ

ಸೂಜಮ್ಮ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು, ದೇವರ ಹೆಸರು ಹೇಳಿ, ಮೊದಲು ಸೂಜಿ ಎಣಿಸುತ್ತಾಳೆ. ಹನ್ನೊಂದು. ಒಂದು ಕಡಿಮೆಯಾದರೂ ಅದು ಯಾರದೋ ಬಟ್ಟೆಯಲ್ಲಿ ಉಳಿದಿದೆ, ಯಾರ ಮೈಗೋ ಚುಚ್ಚುತ್ತದೆ ಎಂದೇ ಅರ್ಥ. ಲೆಕ್ಕ ಸರಿಹೋಗುವವರೆಗೆ ಚಹಾ ಕೂಡ ಕುಡಿಯುವುದಿಲ್ಲ. ಗಂಡ ತೀರಿಕೊಂಡ ವಾರವೂ ಇದು ತಪ್ಪಲಿಲ್ಲ. ಸೂಜಮ್ಮ ಎಂಬುದು ಬೀದಿಯವರು ಇಟ್ಟ ಹೆಸರು.

ಅವಳದು ರಫು ಕೆಲಸ. ಹರಿದದ್ದಕ್ಕೆ ತೇಪೆ ಹಾಕುವುದಲ್ಲ. ಆ ಬಟ್ಟೆಯ ಅಂಚಿನಿಂದಲೇ ಎಳೆ ತೆಗೆದು, ಹರಿದ ಜಾಗದಲ್ಲಿ ಅಡ್ಡ ಉದ್ದ ನೇಯ್ದು, ಗುರುತೇ ಸಿಗದಂತೆ ಮಾಡುವುದು. ದೇವರು ಅವಳ ಬೆರಳಿಗೂ ಕಣ್ಣು ಕೊಟ್ಟಿದ್ದಾನೆ. ಆ ಕಣ್ಣೇ ಅವಳಿಗೆ ಮುಳುವಾಯಿತು.

ಹೋದ ವರ್ಷ ಶಾಲೆಗೆ ರಜೆ ಬಂದಾಗ ಇವಳು, ಇವಳ ಹತ್ತು ವರ್ಷದ ಮಗಳು, ಇವಳ ಅಕ್ಕ, ಮೂವರೂ ಸಮುದ್ರದ ಹತ್ತಿರ ಮೂರು ದಿನಕ್ಕೆ ಒಂದು ಮನೆ ಹಿಡಿದರು. ಬಾಡಿಗೆ ಸೂಜಮ್ಮನದು. ಮನೆ ಕೊಡಿಸಿದ ಏಜೆಂಟನ ಬಳಿ ಇಡಬೇಕಾದ ಠೇವಣಿ ಬಾಡಿಗೆಗಿಂತ ದೊಡ್ಡದಿತ್ತು. ಅದನ್ನು ಅಕ್ಕ ಕೊಟ್ಟಳು. ಅಕ್ಕನ ಮುಂದಿನ ನಾಲ್ಕು ಹಲ್ಲು ಬಿದ್ದು ಎರಡು ವರ್ಷವಾಗಿತ್ತು. ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುತ್ತಿದ್ದಳು. ಹಲ್ಲು ಕಟ್ಟಿಸಲೆಂದು ಕೂಡಿಟ್ಟ ದುಡ್ಡು ಅದು.

"ಮೂರು ದಿನ ತಾನೆ. ಇಷ್ಟು ವರ್ಷ ಬೊಚ್ಚುಬಾಯಲ್ಲಿ ಬದುಕಿದೀನಿ, ಇನ್ನು ಮೂರು ದಿನ ಏನು ಮಹಾ," ಎಂದಿದ್ದಳು.

ಎರಡನೆಯ ದಿನ ಮಗಳಿಗೆ ಬಿಸಿಲು ತಾಗಿ ತಲೆನೋವು ಬಂತು. ಅಕ್ಕ ಒಬ್ಬಳೇ ದಡಕ್ಕೆ ಹೋದಳು. ಮಗಳನ್ನು ಮಲಗಿಸಿ ಕಿಟಕಿ ಮುಚ್ಚಲು ಹೋದಾಗ ಸೂಜಮ್ಮನಿಗೆ ಕಂಡದ್ದು, ಮಂಚದ ಹಿಂದಿನ ಪರದೆಯಲ್ಲಿ ಒಂದು ಗೇಣು ಹರಕು. ಹಿಂದೆ ಯಾರೋ ಮಷೀನಿನಲ್ಲಿ ಕಪ್ಪು ದಾರ ಹಾಕಿ ಹೊಲಿದಿದ್ದರು. ಅದೂ ಬಿಟ್ಟುಕೊಂಡ ಮೇಲೆ ಮತ್ಯಾರೋ ಟೇಪು ಅಂಟಿಸಿದ್ದರು. ಒಳ್ಳೆಯ ಬಟ್ಟೆಗೆ ಆ ಗತಿ ನೋಡಿ ಅವಳಿಗೆ ತಡೆಯಲಾಗಲಿಲ್ಲ. ಸೂಜಿಗಳು ಹೇಗೂ ಚೀಲದಲ್ಲಿದ್ದವು. ಟೇಪು ಕಿತ್ತು, ಕಪ್ಪು ದಾರ ಬಿಚ್ಚತೊಡಗಿದಳು. ಒಂದು ಕೊನೆಯಲ್ಲಿ ಎಳೆದರೆ ಬಟ್ಟೆಯೇ ಕಿತ್ತುಬರುವಂತಿತ್ತು. ಬೆರಳುದ್ದ ದಾರವನ್ನು ಹಾಗೇ ಒಳಗೆ ಮಡಚಿ, ಅದರ ಮೇಲೆಯೇ ನೇಯ್ದು ಮುಗಿಸಿದಳು.

ಅಕ್ಕ ಬಂದಾಗ ಇವಳು ಸೂಜಿ ಎಣಿಸುತ್ತಿದ್ದಳು. "ಇಲ್ಲಿಗೆ ಬಂದೂ ಬಿಡಲ್ವಲ್ಲೇ ನೀನು. ಹೋಗು, ಸಮುದ್ರ ಎಲ್ಲಾದ್ರೂ ಹರಿದಿದ್ಯಾ ನೋಡ್ಕೊಂಡು ಬಾ," ಎಂದು ನಕ್ಕಳು.

ಬೀಗದ ಕೈ ಕೊಡುವಾಗ ಸೂಜಮ್ಮ ಏಜೆಂಟನಿಗೆ ತಾನಾಗಿಯೇ ಹೇಳಿದಳು. "ಒಳಗಿನ ರೂಮಿನ ಪರದೆ ಹರಿದಿತ್ತು ಅಣ್ಣ. ಸರಿ ಮಾಡಿದೀನಿ."

"ಹೌದಾ? ತುಂಬಾ ಉಪಕಾರ ಆಯ್ತಮ್ಮ," ಎಂದ ಅವನು. ಠೇವಣಿ ವಾರದೊಳಗೆ ಬರುತ್ತದೆ ಎಂದ.

ವಾರದೊಳಗೆ ಬಂದದ್ದು ಕಾಗದ. ಬೆಲೆಬಾಳುವ ಪರದೆಯನ್ನು ಹರಿದು, ಯಾರಿಗೂ ತಿಳಿಯದಂತೆ ಹೊಲಿದಿದ್ದೀರಿ, ನೀವೇ ಒಪ್ಪಿಕೊಂಡಿದ್ದೀರಿ, ಠೇವಣಿ ಪೂರ್ತಿ ಹೊಸ ಪರದೆಗೆ ಹೋಯಿತು ಎಂದಿತ್ತು. ಫೋನು ಮಾಡಿದರೆ ಅವನು ಎತ್ತಲಿಲ್ಲ. ಆಫೀಸಿಗೆ ಹೋದರೆ ಸಾಹೇಬರು ಊರಲ್ಲಿಲ್ಲ ಎಂಬ ಮಾತು. ಒಳಗೆ ಅವನ ಕೆಮ್ಮು ಕೇಳುತ್ತಿತ್ತು.

ಅಕ್ಕ ಕಾಗದ ಓದಿ ತಂಗಿಯ ಮಗಳ ಕಡೆ ನೋಡಿದಳು. ಮಗಳು ಅಲ್ಲೇ ಲೆಕ್ಕ ಬರೆಯುತ್ತಿದ್ದಳು.

"ನಿಜ ಹೇಳು. ಇವಳು ಜೋತುಬಿದ್ದು ಹರಿದ್ಲಾ?"

"ಇಲ್ಲ ಅಕ್ಕ. ಮೊದಲೇ ಹರಿದಿತ್ತು."

"ನಾನು ನೋಡಿಲ್ವಲ್ಲ. ನಾನಿಲ್ದಿದ್ದಾಗ್ಲೇ ಹೊಲಿದೆ. ಮುಚ್ಚಿಹಾಕೋದೇ ನಿನ್ನ ಕಸುಬಲ್ವಾ?"

ಈ ಮಾತನ್ನು ಅಕ್ಕ ಬಾಯಿಗೆ ಕೈ ಅಡ್ಡ ಹಿಡಿಯದೆ ಆಡಿದಳು. ಆಮೇಲೆ ಐದು ತಿಂಗಳು ಈ ಕಡೆ ಬರಲಿಲ್ಲ. ಆ ನಡುವೆ ಒಂದು ದಿನ ಮಗಳು ಕೇಳಿದಳು: "ಅಮ್ಮ, ನಾನು ನಿದ್ದೇಲಿ ಏನಾದ್ರೂ ಎಳೆದ್ನಾ?" ಸೂಜಮ್ಮ ಮರುದಿನವೇ ಗ್ರಾಹಕರ ದೂರು ಕೇಳುವ ಕಚೇರಿಗೆ ಅರ್ಜಿ ಕೊಟ್ಟಳು.

ನಾಲ್ಕು ಸಲ ಅಲೆದಳು. ನಾಲ್ಕನೆಯ ಸಲ ಏಜೆಂಟ್ ಬಂದ; ಅಧಿಕಾರಿ ಹೇಳಿದ್ದಕ್ಕೆ ಪರದೆಯನ್ನೂ ತಂದಿದ್ದ.

"ತಾವೇ ಯೋಚನೆ ಮಾಡಿ ಸಾರ್," ಎಂದ ಅವನು. "ಬೇರೆಯವರ ಮನೆ ಪರದೇನ ಯಾರಾದ್ರೂ ಪುಕ್ಕಟೆ ಹೊಲೀತಾರಾ?"

ಅಧಿಕಾರಿ ಅವಳ ಕಡೆ ನೋಡಿದರು. ಅವರ ಮುಖದಲ್ಲೂ ಅದೇ ಪ್ರಶ್ನೆ ಇತ್ತು.

"ಒಂದು ಕತ್ತರಿ ಕೊಡಿ ಸಾರ್," ಎಂದಳು.

ಪರದೆಯನ್ನು ಮೇಜಿನ ಮೇಲೆ ಹರಡಿ, ತಾನು ನೇಯ್ದದ್ದನ್ನು ಎಳೆ ಎಳೆಯಾಗಿ ಬಿಚ್ಚಿದಳು. ಇಪ್ಪತ್ತು ನಿಮಿಷ ಹಿಡಿಯಿತು. ಗುಮಾಸ್ತರು ಎದ್ದು ಬಂದು ಸುತ್ತ ನಿಂತರು. ಅವಳು ನೇಯುವಾಗ ನೋಡಲು ಯಾರೂ ಇರಲಿಲ್ಲ. ಕೊನೆಗೆ ಹರಕು ಬಾಯಿಬಿಟ್ಟಿತು. ಅದರ ತುದಿಯಲ್ಲಿ ಬೆರಳುದ್ದ ಕಪ್ಪು ದಾರ, ಒಗೆದು ಒಗೆದು ಬೂದಿ ಬಣ್ಣಕ್ಕೆ ತಿರುಗಿತ್ತು.

"ಇದು ಮಷೀನ್ ಹೊಲಿಗೆ. ನನಗಿಂತ ಮುಂಚೆ ಯಾರೋ ಹಾಕಿದ್ದು," ಎಂದಳು. "ನಾನು ಸಮುದ್ರ ನೋಡೋಕೆ ಹೋಗುವಾಗ ಮಷೀನ್ ಹೊತ್ಕೊಂಡು ಹೋಗಿದ್ನಾ ಸಾರ್?"

ಗುಮಾಸ್ತರು ನಕ್ಕರು. ಅವಳು ನಗಲಿಲ್ಲ. ಅಧಿಕಾರಿ ದಾರವನ್ನು ಉಗುರಿನಿಂದ ಕೆದಕಿ ನೋಡಿ, ಏಜೆಂಟನನ್ನು ಕೇಳಿದರು, "ಈ ಒಂದು ಹರಕಿಗೆ ಇದುವರೆಗೆ ಎಷ್ಟು ಜನರ ಠೇವಣಿ ಹಿಡ್ಕೊಂಡಿದೀರಿ?" ಅವನು ಕೆಮ್ಮಿದ. ಅದೇ ಕೆಮ್ಮು.

ಠೇವಣಿ ಪೂರ್ತಿ ವಾಪಸಾಯಿತು. ಸೂಜಮ್ಮ ಅದನ್ನು ಮುಟ್ಟದೆ, ಆದೇಶದ ಕಾಗದದ ಜೊತೆಗೆ ಅಕ್ಕನ ಮನೆಗೆ ಕಳಿಸಿದಳು.

ಎರಡು ತಿಂಗಳಾದ ಮೇಲೆ ಅಕ್ಕ ಅಂಗಡಿಗೆ ಬಂದಳು. ಹೊಸ ಹಲ್ಲು ಸಾಲಾಗಿ, ಸ್ವಲ್ಪ ದೊಡ್ಡದಾಗಿ ಹೊಳೆಯುತ್ತಿತ್ತು. ಮಗಳು ದೊಡ್ಡಮ್ಮನನ್ನು ಕಂಡು, ಪುಸ್ತಕ ಎತ್ತಿಕೊಂಡು ಒಳಗೆ ಹೋದಳು.

"ನೀನು ಸುಳ್ಳು ಹೇಳಲ್ಲ ಅಂತ ನಂಗೆ ಗೊತ್ತಿತ್ತು ಬಿಡೇ," ಎಂದಳು ಅಕ್ಕ.

ಸೂಜಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಈ ರಜಕ್ಕೆ ಮತ್ತೆ ಹೋಗೋಣ. ಬೇರೆ ಮನೆ ಹಿಡಿಯೋಣ. ನಿನ್ನದು, ಮಗೂದು, ಎಲ್ಲಾ ಖರ್ಚು ನಂದು. ನೀನು ಒಂದು ಕಾಸೂ ಬಿಚ್ಚಬೇಡ."

ಒಳಗೆ ಮಗಳು ಪುಟ ತಿರುವುವ ಸದ್ದು ನಿಂತಿತು. ಸೂಜಮ್ಮ ದಾರದ ತುದಿಗೆ ಗಂಟು ಹಾಕಿದಳು.

"ಬೇಡ ಅಕ್ಕ," ಎಂದಳು. "ನೀನು ಹೋಗಿ ಬಾ."