ಸವಣೂರಿನ ಚಾಚಾ ಕೊಟ್ಟ ಮೂರು ಫ್ಯಾನಿನ ಕಾರ್ಡು

ಸವಣೂರಿನ ಚಾಚಾ ನನಗೆ ಆ ಎಚ್ಚರಿಕೆ ಕೊಟ್ಟಿದ್ದರೋ ಇಲ್ಲವೋ, ನನಗೆ ಖಚಿತವಿಲ್ಲ. ಕೊಟ್ಟಿದ್ದರು ಅಂತ ಒಮ್ಮೊಮ್ಮೆ ಅನಿಸುತ್ತದೆ. ಅವರು ಸ್ಕ್ರೂ ಡ್ರೈವರನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡದ್ದು, ಕನ್ನಡಕದ ಮೇಲಿಂದ ನನ್ನನ್ನು ನೋಡಿದ್ದು ಎಲ್ಲ ಕಣ್ಣ ಮುಂದೆ ಬರುತ್ತದೆ. ಅಷ್ಟು ಸ್ಪಷ್ಟವಾಗಿ ಬರುವುದರಿಂದಲೇ ನನಗೆ ಅನುಮಾನ. ಗೊಟಗೋಡಿಯ ವಿಶ್ವವಿದ್ಯಾಲಯದಲ್ಲಿ ಜಾನಪದ ಓದುವಾಗ ಹಳ್ಳಿ ಹಳ್ಳಿ ಸುತ್ತಿ ಹಿರಿಯರ ಹೇಳಿಕೆ ಬರೆದುಕೊಂಡವನು ನಾನು. ಒಬ್ಬ ಮನುಷ್ಯ ಒಂದೇ ಘಟನೆಯನ್ನು ಮೂರು ಸಲ ಮೂರು ಥರ ಹೇಳಿ, ಮೂರಕ್ಕೂ ಆಣೆ ಮಾಡಿದ್ದನ್ನು ಕಂಡಿದ್ದೇನೆ. ನನ್ನ ತಲೆ ಬೇರೆ ಮಣ್ಣಿನಿಂದ ಮಾಡಿದ್ದಲ್ಲ.

ಹೋದ ತಿಂಗಳು ಶಿಗ್ಗಾಂವಿಯ ರೂಮು ಖಾಲಿ ಮಾಡಿ, ಮಾಸೂರಿನ ಮನೆಗೆ ಸಾಮಾನು ತಂದೆ. ಹಳೆಯ ಕಂಪ್ಯೂಟರಿನಲ್ಲಿ ಹೊಸ ಆಟ ನಡೆಯುತ್ತಿರಲಿಲ್ಲ. ಒಳಗೆ ಯಾವ ಗ್ರಾಫಿಕ್ಸ್ ಕಾರ್ಡು, ಯಾವ ಪ್ರೊಸೆಸರು ಹಿಡಿಸುತ್ತದೆ ನೋಡೋಣವೆಂದು ಪಕ್ಕದ ತಗಡು ಬಿಚ್ಚಿದೆ. ಕಾದು ಆರಿದ ಧೂಳಿನ ವಾಸನೆ, ಅದರ ಜತೆ ಪ್ರೊಸೆಸರಿನ ಮೇಲೆ ಹಚ್ಚಿ ಒಣಗಿದ ಪೇಸ್ಟಿನದು... ಅದು ಚಾಚಾರ ಅಂಗಡಿಯ ವಾಸನೆ.

ಮೊದಲು ಅವರು ಟಿವಿ ರಿಪೇರಿ ಮಾಡುತ್ತಿದ್ದರಂತೆ. ನಾನು ಕಂಡಾಗ ಆಗಲೇ ಕಂಪ್ಯೂಟರಿಗೆ ಬಂದಿದ್ದರು. ಹಾನಗಲ್ಲಿನಿಂದ, ಶಿಗ್ಗಾಂವಿಯಿಂದ, ಹಿರೇಕೆರೂರಿನಿಂದ ಗೇಮ್ ಆಡುವ ಹುಡುಗರು ಹುಡುಕಿಕೊಂಡು ಬರುತ್ತಿದ್ದರು. ಬೋರ್ಡು ಇರಲಿಲ್ಲ, ಜಾಹೀರಾತು ಇರಲಿಲ್ಲ. ಒಬ್ಬ ಇನ್ನೊಬ್ಬನಿಗೆ ಹೇಳುವುದು, ಅಷ್ಟೇ ಆ ಅಂಗಡಿಯ ಬಂಡವಾಳ.

ಏನು ಕೇಳಿದರೂ ಥಟ್ಟನೆ ಕೊಡುವ ಮನುಷ್ಯ ಅಲ್ಲ ಅವರು. ಮೊದಲು ಪ್ರಶ್ನೆಗಳು. ಯಾವ ಆಟ? ಯಾವ ಊರು? ಮನೆ ಊರ ಒಳಗೋ ಹೊರಗೋ? ಕಾರ್ಡು ಕೊಳ್ಳುವುದಕ್ಕೂ ಮನೆ ಎಲ್ಲಿದೆ ಅನ್ನುವುದಕ್ಕೂ ಏನು ಸಂಬಂಧ ಅಂತ ಹುಡುಗರು ನಗುತ್ತಿದ್ದರು. ನಾನೂ ನಕ್ಕಿದ್ದೆ.

ಏಳೆಂಟು ವರ್ಷದ ಹಿಂದೆ, ಎಂ.ಎ. ಮುಗಿಸಿ ಮನೆಯಲ್ಲಿದ್ದಾಗ, ನನ್ನ ಕಂಪ್ಯೂಟರಿಗೆ ಮೂರು ಫ್ಯಾನಿನ ದೊಡ್ಡ ಗ್ರಾಫಿಕ್ಸ್ ಕಾರ್ಡು ಬೇಕೆಂದು ಹೋದೆ. ಎರಡು ತಿಂಗಳು ವಿಡಿಯೋ ನೋಡಿ, ಪಟ್ಟಿ ಮಾಡಿಕೊಂಡು ಹೋಗಿದ್ದೆ. ಅವರು ಪಟ್ಟಿ ನೋಡಿದರು, ನನ್ನ ಹಳೆಯ ಪ್ರೊಸೆಸರಿನ ಹೆಸರು ಕೇಳಿದರು, ತಲೆ ಅಲ್ಲಾಡಿಸಿದರು.

“ಪ್ರೊಫೆಸರ್ ಸಾಹೇಬ್ರ, ಪ್ರೊಸೆಸರ್ ಅಂದ್ರ ಊಟಕ್ಕ ನೀಡಾಂವ. ಕಾರ್ಡ್ ಅಂದ್ರ ಉಣ್ಣಾಂವ. ನೀಡಾಂವ ಒಬ್ಬನ ಇದ್ರ, ಎಷ್ಟು ಉದ್ದ ಪಂಗ್ತಿ ಕುಂಡ್ರಿಸಿದ್ರೂ ಏನ್ ಬಂತ್ರಿ? ಮೊದ್ಲ ಪ್ರೊಸೆಸರ್ ಬದಲಿ ಮಾಡ್ರಿ. ಕಾರ್ಡ್ ಸಣ್ಣದು ಸಾಕು, ಬ್ಯಾರೆ ಕರೆಂಟಿನ ವಾಯರ್ ಕೇಳದ ಇರೋದು.”

“ಚಾಚಾ, ನೀವು ಹೇಳೂ ಪ್ರೊಸೆಸರ್ ಮಾರಾಟ ಆಗದ ನಿಮ್ಮ ಕಪಾಟಿನ್ಯಾಗ ಬಿದ್ದು ಭಾಳ ದಿನ ಆಗಿರಬೇಕಲ್ರಿ?” ಅಂದೆ.

ಅವರು ನಕ್ಕರು. “ನಿಮಗ ಡಿಗ್ರಿ ಕೊಟ್ಟಾವ್ರು ಅನುಮಾನ ಫುಕಟ್ ಕೊಟ್ಟಾರೇನ್ರಿ?”

ಇಷ್ಟು ಮಾತು ನಿಜ. ಅಲ್ಲೇ ಇದ್ದ ಹಾನಗಲ್ಲಿನ ಗೆಳೆಯ ಇವತ್ತಿಗೂ ಈ ಮಾತು ಹೇಳಿ ನನ್ನನ್ನು ಕಾಡಿಸುತ್ತಾನೆ. ಆದರೆ ಮುಂದಿನದು ಅವನು ಕೇಳಿಲ್ಲ, ಚಹಾ ತರಲು ಹೋಗಿದ್ದನಂತೆ. ನನ್ನ ನೆನಪಿನಲ್ಲಿ ಚಾಚಾ ಮುಂದೆ ಹೀಗೆ ಕೇಳುತ್ತಾರೆ: “ಮನಿ ಹೊಲದ ಲೈನಿಗೆ ಐತೇನ್ರಿ? ಪಂಪ್‌ಸೆಟ್ ಚಾಲೂ ಆದಾಗ ಕರೆಂಟ್ ಇಳೀತೈತಿ, ದೊಡ್ಡ ಕಾರ್ಡ್ ತಡಿಯೂದಿಲ್ಲ, ನೋಡ್ರಿ.” ಇದನ್ನು ಅವರು ಅಂದೇ ಹೇಳಿದರೋ, ಆಮೇಲೆ ಹೇಳಿದ್ದನ್ನು ನಾನೇ ತಂದು ಇಲ್ಲಿ ಕೂಡಿಸಿದೆನೋ...

ನಾನು ದೊಡ್ಡ ಕಾರ್ಡನ್ನೇ ತಂದೆ. ಪ್ರೊಸೆಸರು ಹಳೆಯದೇ ಉಳಿಯಿತು.

ಮೊದಲ ವಾರ ಎಲ್ಲ ಚೆನ್ನಾಗಿತ್ತು. ಎರಡನೇ ವಾರ, ಹಗಲು ಆಟ ರಂಗೇರಿದ ಹೊತ್ತಿಗೇ ಕಂಪ್ಯೂಟರ್ ಫಕ್ಕನೆ ಆರತೊಡಗಿತು. ಯುಪಿಎಸ್ ಒಂದು ಸಲ ಕೂಗುವುದು, ಎಲ್ಲ ಕಪ್ಪು. ಮರುದಿನವೂ ಅಷ್ಟೇ. ಬಿಚ್ಚಿ ಸವಣೂರಿಗೆ ಒಯ್ದೆ. ಚಾಚಾ ಇಡೀ ದಿನ ಓಡಿಸಿದರು, ಒಮ್ಮೆಯೂ ಆರಲಿಲ್ಲ. “ಕಾರ್ಡಿನ್ಯಾಗ ಏನೂ ಇಲ್ಲ. ತೊಂದ್ರಿ ನಿಮ್ಮ ಕರೆಂಟಿನ್ಯಾಗ ಐತಿ” ಅಂದರು. ನನಗೆ ಅದು ಜಾರಿಕೊಳ್ಳುವ ಮಾತಾಗಿ ಕೇಳಿತು. ಮನೆಗೆ ಬಂದವನೇ, ಅವರ ಗಿರಾಕಿಗಳೆಲ್ಲ ಇದ್ದ ವಾಟ್ಸಾಪ್ ಗುಂಪಿನಲ್ಲಿ ಬರೆದೆ: ಚಾಚಾ ಬಳಸಿದ ಕಾರ್ಡನ್ನು ಹೊಸ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದಾರೆ, ಹುಷಾರು.

ಆಧಾರ? ಇರಲಿಲ್ಲ. ಎಲ್ಲದಕ್ಕೂ ಆಧಾರ ಕೇಳುತ್ತಿದ್ದವನು ನಾನು.

ನಾಲ್ಕು ದಿನದ ಮೇಲೆ ಚಾಚಾ ನಮ್ಮ ಮನೆಗೆ ಬಂದರು. ಸವಣೂರಿನಿಂದ ಮಾಸೂರಿಗೆ, ಬಸ್ಸು ಬದಲಿಸುತ್ತ, ಅಂಗಡಿ ಮುಚ್ಚಿಕೊಂಡು. ನಮ್ಮ ಮನೆ ಊರ ಹೊರಗೆ, ಮದಗದ ಕೆರೆಯ ಕೆಳಗಿನ ಹೊಲದಲ್ಲಿದೆ. ನಿಲ್ದಾಣದಿಂದ ನಡೆದೇ ಬಂದಿದ್ದರು. ಅವ್ವ ನೀರು ಕೊಟ್ಟಳು.

“ಕುಂದರ್ರಿ, ಅಣ್ಣಾರ. ಇಷ್ಟು ಬಿಸಲಾಗ ಬಂದೀರಲ್ಲ, ಏನರ ಅರ್ಜಂಟ್ ಇತ್ತೇನ್ರಿ?”

“ಹೆಸರು ಕೆಟ್ಟೈತ್ರಿ, ಅಕ್ಕಾರ. ಅದನ್ನ ರಿಪೇರಿ ಮಾಡಾಕ ಬಂದೇನಿ” ಅಂದರು.

ಆಟ ಹಾಕಲು ಹೇಳಿದರು. ಹಾಕಿದೆ. ಅವರು ಗೋಡೆಗೆ ಒರಗಿ ಕೂತು ಕಾದರು. ಅವ್ವ ರೊಟ್ಟಿ ಮಾಡಿ ಬಡಿಸಿದಳು. ಒಂದು ತಾಸು, ಎರಡು ತಾಸು, ಮೂರು ತಾಸು... ಕಂಪ್ಯೂಟರ್ ಆರಲೇ ಇಲ್ಲ.

“ಮೋಟ್ರ ಯಾವಾಗ ಹಚ್ತಾರ್ರಿ?” ಅಂತ ಅವರು ಎರಡು ಸಲ ಕೇಳಿದರು. “ಗೊತ್ತಿಲ್ರಿ” ಅಂದೆ.

ನನ್ನನ್ನು ನಿಜವಾಗಿ ಚುಚ್ಚುವುದು ಈ ಉತ್ತರ. ಹೊಲಗಳಿಗೆ ಮೋಟಾರು ಓಡಿಸುವ ತ್ರೀ ಫೇಸ್ ಕರೆಂಟು ಒಂದು ವಾರ ಹಗಲು, ಒಂದು ವಾರ ರಾತ್ರಿ ಬರುತ್ತಿತ್ತು. ಪಾಳಿ ರಾತ್ರಿಗೆ ಬದಲಾದದ್ದು ಹಿಂದಿನ ದಿನವೇ. ಆ ಹಗಲು ಮೋಟಾರು ಶುರುವಾಗುವಂತೆಯೇ ಇರಲಿಲ್ಲ. ಪೇಟೆಯಲ್ಲಿರುವ ಅವರಿಗೆ ಇದು ತಿಳಿಯದಿರುವುದು ಸಹಜ. ನನಗೆ ತಿಳಿದಿರಲಿಲ್ಲವೇ? ಅಪ್ಪ ರಾತ್ರಿ ಬ್ಯಾಟರಿ ಹಿಡಿದು ನೀರು ಹಾಯಿಸಲು ಹೋಗುವುದನ್ನು ನೋಡುತ್ತ ಬೆಳೆದವನಿಗೆ? ಪುಸ್ತಕದಲ್ಲಿ ಮುಳುಗಿದ್ದೆ, ಗಮನ ಇರಲಿಲ್ಲ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಅವ್ವನನ್ನು ಕೇಳಿದರೆ, “ನಿನಗ ಗೊತ್ತಿತ್ತೋ ಇಲ್ಲೋ ನಾ ಏನ್ ಹೇಳ್ಲಿ? ಅವ್ರು ಹೋಗೂ ಮುಂದ ಎರಡ ಎರಡ ಸಲ ತಿರುಗಿ ನೋಡಿದ್ರು, ಅದಷ್ಟ ನೆನಪೈತಿ” ಅನ್ನುತ್ತಾಳೆ. ಅದು ನನಗೆ ನೆನಪಿಲ್ಲ.

ಹೋಗುವಾಗ ಚಾಚಾ ಬೈಯಲಿಲ್ಲ. “ಇವತ್ತ ನಮ್ಮ ಸಾಕ್ಷಿ ಬರ್ಲಿಲ್ಲ ನೋಡ್ರಿ” ಅಂದರು, ಅಷ್ಟೇ. ಇನ್ನೊಂದು ದಿನ ಬರುತ್ತೇನೆ ಅಂದಿದ್ದರೆ ನಾನೇನು ಹೇಳುತ್ತಿದ್ದೆನೋ. ಅವರು ಅನ್ನಲಿಲ್ಲ, ನಾನು ಕರೆಯಲಿಲ್ಲ. ಗುಂಪಿನ ಸಂದೇಶವನ್ನೂ ಅಳಿಸಲಿಲ್ಲ.

ಮುಂದೆ ಶಿಗ್ಗಾಂವಿಯಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಕಂಪ್ಯೂಟರನ್ನೂ ಒಯ್ದೆ. ಅಲ್ಲಿ ಅದು ಒಂದು ದಿನವೂ ಆರಲಿಲ್ಲ. ಊರು ಬದಲಾದ ಕೂಡಲೇ ಕಾರ್ಡು ಸರಿಹೋದದ್ದು ಯಾಕೆ ಅಂತ ನಾನು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಎಲ್ಲವನ್ನೂ ಅನುಮಾನಿಸುವ ಮನುಷ್ಯ ತನಗೆ ಅನುಕೂಲವಾದ ಕಡೆ ಎಷ್ಟು ಬೇಗ ನಂಬುತ್ತಾನೆ ಅನ್ನುವುದಕ್ಕೆ ನಾನೇ ಉದಾಹರಣೆ.

ಹೋದ ತಿಂಗಳು ಧೂಳು ಒರೆಸಿ, ತಗಡು ಮುಚ್ಚಿ, ಮಾಸೂರಿನ ಅದೇ ಕೋಣೆಯಲ್ಲಿ ಅದೇ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿ ಕಂಪ್ಯೂಟರ್ ಹಚ್ಚಿ, ಹಳೆಯ ಆಟ ಹಾಕಿದೆ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೊಲದ ಮೋಟಾರುಗಳು ಒಂದಾದ ಮೇಲೊಂದು ಶುರುವಾದವು. ಯುಪಿಎಸ್ ಒಂದು ಸಲ ಕೂಗಿತು, ಎಲ್ಲ ಕಪ್ಪಾಯಿತು.

ಮರುದಿನ ಸವಣೂರಿಗೆ ಹೋದೆ. ಆ ಜಾಗದಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ಪಕ್ಕದ ಟೇಲರ್ ಹೊಲಿಗೆ ನಿಲ್ಲಿಸದೆ ಹೇಳಿದ, “ತೀರಿಕೊಂಡು ಎರಡು ವರ್ಸ ಆತ್ರಿ. ಅಂಗಡಿ ಅದಕ್ಕಿಂತ ಮೊದ್ಲ ಬಂದ್ ಮಾಡಿದ್ರು.”

“ಯಾಕ್ರೀ?”

“ಹುಡುಗ್ರು ಬರೂದು ಬಿಟ್ರಲ್ರಿ. ಈಗ ಎಲ್ಲಾ ಫೋನಿನ್ಯಾಗ ತರಸ್ತಾರ.”

ನನ್ನ ಸಂದೇಶದಿಂದಲೇ ಅಂಗಡಿ ಮುಚ್ಚಿತು ಅಂತ ಹೇಳಲಾರೆ. ಅದಕ್ಕೂ ನನ್ನ ಬಳಿ ಆಧಾರವಿಲ್ಲ. ಅದರ ಪಾಲು ಏನೂ ಇಲ್ಲ ಅಂತಲೂ ಹೇಳಲಾರೆ. ಯಾರ ಬಳಿ ಕ್ಷಮೆ ಕೇಳಬೇಕಿತ್ತೋ ಅವರೇ ಇಲ್ಲ. ಅವರ ಮನೆಯ ದಾರಿ ಟೇಲರ್ ತೋರಿಸಿದ. ಅರ್ಧ ದಾರಿ ಹೋಗಿ ನಿಂತೆ. ಆ ಮನೆಯವರ ಮುಂದೆ ಏನು ಹೇಳಲಿ? ನನ್ನ ನೆನಪನ್ನೇ? ಅದನ್ನು ನಾನೇ ನಂಬುವುದಿಲ್ಲ.

ಊರಿಗೆ ಬಂದು ಲೈನ್‌ಮನ್‌ನಿಂದ ವೋಲ್ಟೇಜ್ ಅಳೆಯುವ ಮೀಟರು ತಂದೆ. ಮೋಟಾರು ಶುರುವಾಗುವ ಮೊದಲು ನಮ್ಮ ಗೋಡೆಯ ಪ್ಲಗ್ಗಿನಲ್ಲಿ ಇನ್ನೂರ ಇಪ್ಪತ್ತು ವೋಲ್ಟ್ ಇತ್ತು. ಶುರುವಾದ ಮೇಲೆ ನೂರಾ ಐವತ್ತಾರು: ಯುಪಿಎಸ್ ಬ್ಯಾಟರಿಗೆ ಬದಲಾಗುತ್ತದೆ, ಅಷ್ಟು ದೊಡ್ಡ ಕಾರ್ಡಿನ ಭಾರ ಅದು ಹೊರಲಾರದು. ಮೂರು ದಿನ ನೋಡಿದೆ. ಮೂರು ದಿನವೂ ಅಷ್ಟೇ ಇತ್ತು, ಮೂರು ದಿನವೂ ಕಂಪ್ಯೂಟರ್ ಆರಿತು. ನಾಲ್ಕನೆಯ ದಿನ ಕಂಪ್ಯೂಟರನ್ನೂ ಯುಪಿಎಸ್ಸನ್ನೂ ಹಿರೇಕೆರೂರು ಪೇಟೆಯ ಗೆಳೆಯನ ಮನೆಗೆ ಒಯ್ದು, ಅದೇ ಆಟ ಹಾಕಿ, ಸಂಜೆಯವರೆಗೆ ಕೂತೆ. ಒಮ್ಮೆಯೂ ಆರಲಿಲ್ಲ. ಕಾರ್ಡಿನಲ್ಲಿ ಏನೂ ತೊಂದರೆ ಇರಲಿಲ್ಲ.