ವೀಸಾ ಫೋಟೋದಾಗ ನಗಬಾರದಂತ

ಗೆಳತ್ಯಾರ, ಇವತ್ತ ಕಮರಿಪೇಟೆ ಫೋಟೋ ಸ್ಟುಡಿಯೋದಾಗ ನಕ್ಕಿದ್ದಕ್ಕ ಬೈಸಿಕೊಂಡು ಬಂದೇನಿ. ವಿಯೆಟ್ನಾಂಗೆ ಹೊಂಟೇನಿ, ಒಬ್ಬಾಕಿನ. ವೀಸಾಕ್ಕ ಫೋಟೋ ಬೇಕಿತ್ತು.

"ನಗಬ್ಯಾಡ್ರೀ ಅಕ್ಕಾರ, ರಿಜೆಕ್ಟ್ ಆಗ್ತೈತಿ" ಅಂದ್ರು ನಮಗ ಹಳೇ ಪರಿಚಯದ ಸ್ಟುಡಿಯೋ ಕಾಕಾ.

ತುಟಿ ಬಿಗಿ ಹಿಡದೆ. ಒಬ್ಬಾಕಿನ ವಿಮಾನ ಹತ್ತೂದು ನೆನಪಾತು, ಖುಷಿಗೆ ಮತ್ತ ನಗು ಬಂತು. ಐದು ಸಲ ಹಿಂಗ ಆತು.

"ಐವತ್ತು ವರ್ಷಾತು ವೈನಿ, ಸಣ್ಣ ಹುಡುಗ್ಯಾರಂಗ ಏನಿದು?" ಅಂತ ಜೋಡಿ ಬಂದಿದ್ದ ನಾದಿನಿ ಕಸ್ತೂರಿ ಗದರಿಸಿದ್ಲು.

ಕಾಕಾಗ ಸಾಕಾಗಿ ಹೋತು. "ತೀರಿಕೊಂಡ ನಿಮ್ಮ ಮನಿಯವರನ್ನ ಒಂದ್ಸಲ ನೆನಸ್ಕೋರಿ" ಅಂದ್ರು.

ನೆನಸ್ಕೊಂಡೆ. ಯಾವ ಫೋಟೋದಾಗ ನೋಡಿದ್ರೂ ಅವರ ಕಣ್ಣು ಮುಚ್ಚೇ ಇರ್ತಿದ್ವು! ಎರಡು ವರ್ಷದಾಗ ಮೊದಲನೇ ಸಲ ಅವರ ನೆನಪಿಗೆ ಅಳಲಿಲ್ಲ, ಹೊಟ್ಟಿ ಹಿಡಕೊಂಡು ನಕ್ಕೆ. ಕಸ್ತೂರಿನೂ ಅಣ್ಣನ್ನ ನೆನಸಿ ನಕ್ಕಳು. ಆಮ್ಯಾಲೆ ಕಣ್ಣು ಒರಸಿಕೋತ ಕೇಳಿದ್ಲು: "ವೈನಿ, ನಾನೂ ನಿಮ್ಮ ಜೋಡಿ ಬರ್ಲೇನು?"

ನನ್ನ ನಗು ಗಕ್ಕನ ನಿಂತು ಹೋತು. ಅದ ಹೊತ್ತಿಗೆ ಕಾಕಾ ಫೋಟೋ ಹೊಡದ್ರು.

ವೀಸಾದವರಿಗೆ ಹೆಂಗ ಬೇಕೋ ಹಂಗ, ಅಗದೀ ಛಲೋ ಬಂದೈತಿ. ಈಗ ಕಸ್ತೂರಿಗೆ ಏನ್ ಹೇಳ್ಲಿ, ನೀವ ಹೇಳ್ರಿ.