ಸದ್ದಿಲ್ಲದೆ ಬಂದ ಲಾರಿ

ಚಿತ್ರದುರ್ಗದಲ್ಲಿ ಬಸ್ಸು ತಪ್ಪಿದ್ದರಿಂದ ಹಿರಿಯೂರಿಗೆ ಹೊರಟಿದ್ದ ಹತ್ತಿಯ ಲಾರಿ ಹತ್ತಿದೆ. ಡೀಸೆಲ್ಲಿಗೆ ಎಲ್ಲರೂ ಪರದಾಡುತ್ತಿರುವ ಕಾಲ. ಐಮಂಗಲದ ಹತ್ತಿರ ಇಳಿಜಾರು ಶುರುವಾದದ್ದೇ ತಡ, ಡ್ರೈವರ್ ತಿಪ್ಪೇಸ್ವಾಮಿ ಎಂಜಿನ್ ಆರಿಸಿಬಿಟ್ಟ.

"ಹೆದರಬೇಡ್ರಿ. ಬಂಕಲ್ಲಿ ಡೀಸೆಲ್ ಸಿಗ್ತಿಲ್ಲ. ಇಳಿಜಾರು ಐತಲ್ಲ, ಲಾರಿ ತಾನೇ ಹೋಗ್ತೈತೆ," ಎಂದ.

ಅಷ್ಟು ಭಾರದ ಲಾರಿ ಇಷ್ಟು ಮೌನವಾಗಿ ಓಡಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಗಾಳಿಯ ಸದ್ದೊಂದೇ. ತಿರುವು ದಾಟಿದರೆ ರಸ್ತೆ ತುಂಬ ಕುರಿಗಳು. ಅವುಗಳ ಹಿಂದೆ, ನಮಗೆ ಬೆನ್ನು ಮಾಡಿ ನಡೆಯುತ್ತಿದ್ದ ಕುರಿ ಕಾಯುವ ಹೆಂಗಸು. ತಿಪ್ಪೇಸ್ವಾಮಿ ಬ್ರೇಕ್ ತುಳಿದ. ಎಂಜಿನ್ ಆರಿದ್ದರಿಂದ ಅದು ಕಲ್ಲಿನಂತೆ ಬಿಗಿದಿತ್ತು.

"ಅಯ್ಯೋ, ಹಿಡೀತಿಲ್ಲ!"

ಹಾರ್ನಿಗೆ ತಿರುಗಿದ ಹೆಂಗಸು ಅಲ್ಲೇ ಮರಗಟ್ಟಿ ನಿಂತಳು. ಅವನು ಲಾರಿಯನ್ನು ಪಕ್ಕದ ಮಣ್ಣಿನ ದಿಣ್ಣೆಗೆ ನುಗ್ಗಿಸಿದ. ಅವಳಿಂದ ಒಂದು ಮಾರು ದೂರದಲ್ಲಿ ಅದು ನಿಂತಿತು.

"ಸದ್ದಾದ್ರೂ ಮಾಡ್ಕಂಡು ಬಾರಪ್ಪ," ಎಂದಳು.

ಕೆಳಗಿಳಿದ ತಿಪ್ಪೇಸ್ವಾಮಿ ರಸ್ತೆಯಲ್ಲೇ ಕುಸಿದು ಕೂತ. ಆಕೆ ತನ್ನ ಸೋರೆಬುರುಡೆಯಿಂದ ಅವನ ಬೊಗಸೆಗೆ ನೀರು ಸುರಿದಳು.

"ನೀವೂ ಇಳಿದು ಬರ್ರಿ, ಒಂದಿಷ್ಟು ನೀರು ಕುಡೀರಿ," ಎಂದು ನನ್ನನ್ನು ಕರೆದಳು.

ಬಾಗಿಲ ಸರಳು ಹಿಡಿದಿದ್ದ ನನ್ನ ಬೆರಳುಗಳು ಬಿಚ್ಚಿಕೊಳ್ಳಲೇ ಇಲ್ಲ.